ಯಾವ ಸ್ಕ್ಯಾನ್ ತಪ್ಪಿಸಬಾರದು?

ಪ್ರಶ್ನೆ: ಮೇಡಂ, ನನ್ನ ತಂಗಿಗೆ ಈಗ 10 ವಾರ. ಒಟ್ಟು ಐದು ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ಅಷ್ಟೂ ಬೇಕಾ?

ಉತ್ತರ (ಪ್ರಸೂತಿ ತಜ್ಞೆ): ನಾಲ್ಕು ದಿನ ಆಚೀಚೆ ಆದರೂ ನಡೆಯುವ ಸ್ಕ್ಯಾನ್‌ಗಳಿವೆ. ಆದರೆ ಎರಡಕ್ಕೆ ಗಡುವು ಇದೆ, ಅವನ್ನು ಈಗಲೇ ಬುಕ್ ಮಾಡಿಸಿ.

ಮೊದಲನೆಯದು ಎನ್‌ಟಿ. 11 ವಾರ ತುಂಬಿದ ಮೇಲೆ, 13 ವಾರ 6 ದಿನದ ಒಳಗೆ. ನೆತ್ತಿಯಿಂದ ಪೃಷ್ಠದವರೆಗೆ ಮಗುವಿನ ಉದ್ದ (ರಿಪೋರ್ಟಿನಲ್ಲಿ ಸಿಆರ್‌ಎಲ್) 45ರಿಂದ 84 ಮಿ.ಮೀ. ಇರುವಾಗ ಮಾತ್ರ ಕತ್ತಿನ ಹಿಂದಿನ ನೀರಿನ ಪದರದ ಅಳತೆಗೆ ಬೆಲೆ. ಆಮೇಲೆ ಆ ನೀರು ತಾನಾಗಿ ಇಂಗಬಹುದು, ಹಾಗಾಗಿ ತಡವಾಗಿ ಹೋಗಿ 'ನಾರ್ಮಲ್' ಅಂತ ಬಂದರೂ ನಂಬುವ ಹಾಗಿಲ್ಲ. ಜೊತೆಗೇ ಡಬಲ್ ಮಾರ್ಕರ್‌ಗೆ ರಕ್ತ ಕೊಡಲಿ. ಎರಡೂ ಸೇರಿ ಡೌನ್ ಸಿಂಡ್ರೋಮಿನ ಸಾಧ್ಯತೆ ಎಷ್ಟು ಅಂತ ಹೇಳುತ್ತವೆ, ಇದೆ ಅಥವಾ ಇಲ್ಲ ಅಂತ ಅಲ್ಲ.

ಎರಡನೆಯದು ಅನಾಮಲಿ ಸ್ಕ್ಯಾನ್, 18ರಿಂದ 20 ವಾರ. ಹೃದಯದ ನಾಲ್ಕು ಕೋಣೆ, ಮಿದುಳು, ಬೆನ್ನುಮೂಳೆ, ತುಟಿ, ಕಿಡ್ನಿ ಎಲ್ಲ ನೋಡುವುದು ಇದರಲ್ಲೇ. ಏನಾದರೂ ಅನುಮಾನ ಬಂದರೆ ಫೀಟಲ್ ಎಕೋ (ಮಗುವಿನ ಹೃದಯದ ವಿಶೇಷ ಸ್ಕ್ಯಾನ್), ಗರ್ಭನೀರಿನ ಪರೀಕ್ಷೆಗೆ ವಾರಗಳೇ ಹಿಡಿಯುತ್ತವೆ. ಗರ್ಭಪಾತದ ಕಾನೂನಿಗೆ (ಎಂಟಿಪಿ ಕಾಯ್ದೆ) 2021ರಲ್ಲಿ ಆದ ತಿದ್ದುಪಡಿಯಂತೆ 24 ವಾರ ದಾಟಿದರೆ ಗಂಭೀರ ದೋಷ ಇದ್ದರೂ ಗರ್ಭಪಾತಕ್ಕೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು. ದಯವಿಟ್ಟು 'ಐದು ತಿಂಗಳು ತುಂಬಲಿ' ಅಂತ ಕಾಯಬೇಡಿ.

ಪ್ರಶ್ನೆ: ನನ್ನದು 20 ವಾರ. ಮೊದಲ ಸ್ಕ್ಯಾನಿಗೂ ಈಗಿನದಕ್ಕೂ ಹೆರಿಗೆ ದಿನಾಂಕ ಬೇರೆ ಬಂದಿದೆ. ಮಾಸು ಕೆಳಗಿದೆ ಅಂತಲೂ ಬರೆದಿದ್ದಾರೆ. ಮಲಗೇ ಇರಬೇಕಾ?

ಉತ್ತರ: ಮೊದಲ ಸ್ಕ್ಯಾನಿನಲ್ಲಿ ಗೊತ್ತುಮಾಡಿದ ದಿನಾಂಕವೇ ಕೊನೆವರೆಗೂ. ಮೊದಲ ಮೂರು ತಿಂಗಳು ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ, ಆಮೇಲೆ ಹಾಗಲ್ಲ. 32 ವಾರದಲ್ಲಿ ಮಗು ಸಣ್ಣದಾಗಿ ಕಂಡಿತು ಅಂತ ದಿನಾಂಕವನ್ನೇ ಮುಂದೆ ಹಾಕಿದರೆ, ಬೆಳವಣಿಗೆ ಕುಂಠಿತವಾದ ಮಗು ಕಾಗದದಲ್ಲಿ ಸರಿಯಾಗಿ ಕಾಣುತ್ತದೆ. ಇದು ನಿಜಕ್ಕೂ ಅಪಾಯದ ತಪ್ಪು.

ಮಾಸಿನ ಬಗ್ಗೆ ಗಾಬರಿ ಬೇಡ. ಗರ್ಭಕೋಶದ ಕೆಳಭಾಗ ಹಿಗ್ಗಿದಂತೆ ಹೆಚ್ಚಿನವರಲ್ಲಿ ಅದು ಮೇಲೆ ಸರಿಯುತ್ತದೆ. 32 ವಾರಕ್ಕೆ ಮತ್ತೆ ನೋಡಿಸಿ. ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲೇ ಅಳತೆ ನಿಖರ, ಅದರಿಂದ ಮಗುವಿಗೆ ತೊಂದರೆ ಇಲ್ಲ. ಗರ್ಭಕಂಠದ ಒಳಬಾಯಿಯಿಂದ ಮಾಸಿನ ಅಂಚು 20 ಮಿ.ಮೀ. ದೂರ ಇದ್ದರೆ ಕೆಳಗಿದೆ ಅನ್ನುವುದಿಲ್ಲ. ರಕ್ತಸ್ರಾವ ಇಲ್ಲದಿದ್ದರೆ ಮಲಗೇ ಇರಬೇಕಿಲ್ಲ. ನೋವಿಲ್ಲದೆ ಸ್ವಲ್ಪ ರಕ್ತ ಕಂಡರೂ ರಾತ್ರಿಯೇ ಆಗಲಿ, ಆಸ್ಪತ್ರೆಗೆ ಹೊರಡಿ. ತಾಯಿ ಕಾರ್ಡಿನ ಜೊತೆ ಮೊದಲ ಸ್ಕ್ಯಾನಿನ ರಿಪೋರ್ಟೂ ಕೈಯಲ್ಲಿರಲಿ.