ಚುನಾವಣೆಗೆ ಮುಂಚಿನ ಬಜೆಟ್ ಬ್ರಿಟನ್ನಿನಲ್ಲಿ ಯಾರನ್ನು ಕಟ್ಟಿಹಾಕುತ್ತದೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಬೋಧಿಸುವ ನನಗೆ ಈ ವರ್ಷ ಬ್ರಿಟನ್ನಿನ ಸಂಸದೀಯ ವ್ಯವಸ್ಥೆಯ ಪಾಠ ಬಂದಿದೆ. 2024ರ ಮಾರ್ಚ್ 6ರಂದು ಹಣಕಾಸು ಸಚಿವ ಜೆರೆಮಿ ಹಂಟ್ ಮಂಡಿಸಿದ ಬಜೆಟ್ಟನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಪಿಂಚಣಿ, ಭತ್ಯೆಗಳ ಹೆಸರಿನಲ್ಲಿ ನೌಕರರ ಸಂಬಳದಿಂದ ಮುರಿದುಕೊಳ್ಳುವ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆಯ ದರ ಆ ವರ್ಷದ ಜನವರಿಯಲ್ಲಷ್ಟೇ ಶೇ 12ರಿಂದ 10ಕ್ಕೆ ಇಳಿದಿತ್ತು. ಅದನ್ನು ಅವರು ಮತ್ತೆ ಶೇ 8ಕ್ಕೆ ಇಳಿಸಿದರು. ಆದರೂ ಜುಲೈ 4ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಉಳಿದದ್ದು 121 ಸ್ಥಾನಗಳು. ಮತ ತಂದುಕೊಡದ ಇಂಥ ಬಜೆಟ್ಟಿನಿಂದ ಆಳುವ ಪಕ್ಷಕ್ಕೆ ಆಗುವ ಲಾಭವೇನು? ಗೆದ್ದ ಲೇಬರ್ ಸರ್ಕಾರ ಅದೇ ಅಕ್ಟೋಬರ್‌ನಲ್ಲಿ ವರ್ಷಕ್ಕೆ ಸುಮಾರು 4,000 ಕೋಟಿ ಪೌಂಡ್‌ಗಳ ಹೊಸ ತೆರಿಗೆ ಹೇರಿದ್ದಕ್ಕೂ ಮಾರ್ಚ್ ಬಜೆಟ್ಟಿಗೂ ಸಂಬಂಧವಿದೆಯೇ? ಲೋಕಸಭಾ ಚುನಾವಣೆಗೆ ಮೊದಲು ನಮ್ಮಲ್ಲಿ ಮಧ್ಯಂತರ ಬಜೆಟ್ ಮಂಡಿಸುವ ಸಂಪ್ರದಾಯವಿರುವುದರಿಂದ ವಿದ್ಯಾರ್ಥಿಗಳು ಹೋಲಿಕೆಯನ್ನೂ ಕೇಳುತ್ತಿದ್ದಾರೆ.

ಹೊಸಮನೆ ಓದುಗ

ಹೋಲಿಕೆಯ ಮಾತನ್ನು ಮೊದಲು ಮುಗಿಸುತ್ತೇನೆ. ನಮ್ಮ ಮಧ್ಯಂತರ ಬಜೆಟ್ಟಿನ ಸಂಯಮವೂ ಬರೀ ರೂಢಿ. 2019ರ ಫೆಬ್ರವರಿಯಲ್ಲಿ 5 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ರಿಯಾಯಿತಿ ಘೋಷಣೆಯಾದದ್ದು ಮಧ್ಯಂತರ ಬಜೆಟ್ಟಿನಲ್ಲಿಯೇ. ಬ್ರಿಟನ್ನಿನಲ್ಲಿ ಆ ರೂಢಿಯೂ ಇಲ್ಲ. ಜೊತೆಗೆ, 2011ರಿಂದ 2022ರವರೆಗಿನ ಸಂಸತ್ತಿನ ನಿಗದಿತ ಅವಧಿಯ ಕಾಯಿದೆಯ ಕಾಲವನ್ನು ಬಿಟ್ಟರೆ, ಚುನಾವಣೆಯ ದಿನವನ್ನು ಆರಿಸುವವರು ಪ್ರಧಾನಿಯೇ. ಬಜೆಟ್ಟಿನ ದಿನವೂ ಮತದಾನದ ದಿನವೂ ಒಂದೇ ಸರ್ಕಾರದ ಕೈಯಲ್ಲಿರುವುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು.

ಇನ್ನು ಲಾಭದ ಪ್ರಶ್ನೆ. ಮತದಾರರಿಗಿಂತ ಹೆಚ್ಚಾಗಿ ಎದುರಾಳಿ ಪಕ್ಷವನ್ನು ಗಮನದಲ್ಲಿಟ್ಟುಕೊಂಡೇ ಅಲ್ಲಿ ಇಂಥ ಬಜೆಟ್ ಸಿದ್ಧವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. 1992ರಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಆ ವರ್ಷದ ಮಾರ್ಚ್ 10ರಂದು ಕನ್ಸರ್ವೇಟಿವ್ ಹಣಕಾಸು ಸಚಿವ ನಾರ್ಮನ್ ಲ್ಯಾಮಂಟ್, ತೆರಿಗೆಗೆ ಒಳಪಡುವ ಆದಾಯದ ಮೊದಲ 2,000 ಪೌಂಡ್‌ಗಳಿಗೆ ಶೇ 20ರ ಹೊಸ ದರವನ್ನು ತಂದರು. ಕಡಿಮೆ ಸಂಬಳದವರಿಗೆ ನೆರವಾಗುವ ಈ ಕ್ರಮವನ್ನು ಒಪ್ಪಿದರೆ ಲೇಬರ್ ಪಕ್ಷ ತನ್ನ ಭರವಸೆಗಳಿಗೆ ಎತ್ತಿಟ್ಟುಕೊಂಡಿದ್ದ ಹಣ ಕೈಬಿಡುತ್ತಿತ್ತು. ವಿರೋಧಿಸಿದರೆ ಬಡವರ ಮೇಲೆ ತೆರಿಗೆ ಹೇರುವ ಪಕ್ಷವೆಂಬ ಅಪವಾದ ಅಂಟುತ್ತಿತ್ತು. ಲೇಬರ್ ವಿರೋಧಿಸಿತು. ಮರುದಿನವೇ ಪ್ರಧಾನಿ ಜಾನ್ ಮೇಜರ್ ಚುನಾವಣೆ ಘೋಷಿಸಿದರು. ವಾರ ತುಂಬುವುದರೊಳಗೆ ಲೇಬರ್‌ನ ಹಣಕಾಸು ವಕ್ತಾರ ಜಾನ್ ಸ್ಮಿತ್ ಪರ್ಯಾಯ ಬಜೆಟ್ ಮಂಡಿಸಿ, ಪಿಂಚಣಿಯನ್ನೂ ಮಕ್ಕಳ ಭತ್ಯೆಯನ್ನೂ ಹೆಚ್ಚಿಸಲು ಶೇ 50ರ ಗರಿಷ್ಠ ದರವನ್ನು ತರುವುದಾಗಿಯೂ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆಯ ಮೇಲ್ಮಿತಿಯನ್ನು ತೆಗೆಯುವುದಾಗಿಯೂ ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸಿದರು. ಆ ಪ್ರಾಮಾಣಿಕತೆಯನ್ನು ನಾನು ಇಂದಿಗೂ ಗೌರವಿಸುತ್ತೇನೆ. ಆದರೆ ಏಪ್ರಿಲ್ 9ರಂದು ಕನ್ಸರ್ವೇಟಿವ್ ಪಕ್ಷ 21 ಸ್ಥಾನಗಳ ಬಹುಮತದಿಂದ ಗೆದ್ದಿತು, ಮತ್ತು ತೆರಿಗೆಯ ವಿಷಯದಲ್ಲಿ ಬಾಯಿ ಬಿಟ್ಟದ್ದೇ ಸೋಲಿಗೆ ಕಾರಣವೆಂಬ ನಂಬಿಕೆ ಲೇಬರ್ ಪಕ್ಷದಲ್ಲಿ ಆಳವಾಗಿ ಬೇರೂರಿತು. 1997ರ ಜನವರಿಯಲ್ಲಿ ಆ ಪಕ್ಷದ ಹಣಕಾಸು ವಕ್ತಾರ ಗಾರ್ಡನ್ ಬ್ರೌನ್, ಆದಾಯ ತೆರಿಗೆಯ ಮೂಲ ದರವನ್ನಾಗಲಿ ಗರಿಷ್ಠ ದರವನ್ನಾಗಲಿ ಏರಿಸುವುದಿಲ್ಲ, ಮೊದಲ ಎರಡು ವರ್ಷ ಕನ್ಸರ್ವೇಟಿವ್ ಸರ್ಕಾರದ ವೆಚ್ಚದ ಮಿತಿಯನ್ನೇ ಪಾಲಿಸುತ್ತೇವೆ ಎಂದು ಮಾತು ಕೊಟ್ಟದ್ದು ಆ ನಂಬಿಕೆಯಿಂದಲೇ.

ಹಂಟ್ ಹೆಣೆದದ್ದೂ ಇದೇ ಬಲೆ. ನಾನ್-ಡಾಮ್ ಸೌಲಭ್ಯವನ್ನು, ಅಂದರೆ ಶಾಶ್ವತ ನೆಲೆ ಹೊರದೇಶದಲ್ಲಿದೆ ಎಂದು ತೋರಿಸಿ ಅಲ್ಲಿನ ಗಳಿಕೆಗೆ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟದಿರುವ ಅನುಕೂಲವನ್ನು, ರದ್ದುಪಡಿಸಿ ಆಸ್ಪತ್ರೆಗಳಿಗೂ ಶಾಲೆಗಳ ಬೆಳಗಿನ ಉಪಾಹಾರಕ್ಕೂ ಹಣ ಹೊಂದಿಸುವುದು ಲೇಬರ್‌ನ ಯೋಜನೆಯಾಗಿತ್ತು. 2022ರಲ್ಲಿ ಅಕ್ಷತಾ ಮೂರ್ತಿ ಅವರ ಕಾರಣದಿಂದ ಕನ್ನಡ ಓದುಗರಿಗೂ ಈ ಪದದ ಪರಿಚಯವಾಗಿತ್ತು. ಹಂಟ್ ಆ ರದ್ದತಿಯನ್ನು ತಾವೇ ಘೋಷಿಸಿ, ಬರುವ ಹಣವನ್ನು ತೆರಿಗೆ ಕಡಿತದ ಲೆಕ್ಕಕ್ಕೆ ಸೇರಿಸಿಕೊಂಡರು. ಅದೇ ಭರವಸೆಗಳಿಗೆ ಲೇಬರ್ ಸುಮಾರು ಒಂದು ತಿಂಗಳಲ್ಲಿ ಬೇರೆ ಹಣದ ಮೂಲ ಹುಡುಕಬೇಕಾಯಿತು.

ರೆಡಿಂಗ್ ನಿವಾಸಿ

ಇಲ್ಲಿ ಸಂಬಳ ಪಡೆಯುವವಳಾಗಿ ಒಂದು ಮಾತು ಸೇರಿಸುತ್ತೇನೆ. ವರ್ಷಕ್ಕೆ 35,000 ಪೌಂಡ್ ದುಡಿಯುವವರಿಗೆ ಮಾರ್ಚ್ ಕಡಿತದಿಂದ ಸುಮಾರು 450 ಪೌಂಡ್ ಉಳಿಯಿತು. ಆದರೆ ಆದಾಯ ತೆರಿಗೆಯ ವಿನಾಯಿತಿ ಮಿತಿ 2021ರಿಂದ 12,570 ಪೌಂಡ್‌ಗಳಲ್ಲೇ ನಿಂತಿತ್ತು. 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 11.1 ಮುಟ್ಟಿದಾಗಲೂ ಅದು ಕದಲಲಿಲ್ಲ. ಬೆಲೆಯ ಹಿಂದೆ ಸಂಬಳ ಏರಿದಂತೆಲ್ಲ ತೆರಿಗೆಯೂ ಏರುತ್ತಿದ್ದುದರಿಂದ, ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ತೆಗೆದುಕೊಂಡಂತೆ ನಮಗೆಲ್ಲ ಅನ್ನಿಸಿತು.

ಇನ್ನೂ ದೊಡ್ಡ ತಪ್ಪೊಂದಿದೆ. ಪಿಂಚಣಿದಾರರು ನ್ಯಾಷನಲ್ ಇನ್ಶೂರೆನ್ಸ್ ಕಟ್ಟುವುದೇ ಇಲ್ಲ. ಕನ್ಸರ್ವೇಟಿವ್ ಪಕ್ಷದ ಅತ್ಯಂತ ನಿಷ್ಠಾವಂತ ಮತದಾರರಾದ ಹಿರಿಯರಿಗೆ ಈ ಎರಡೂ ಕಡಿತಗಳಿಂದ ಒಂದು ಪೆನ್ನಿಯೂ ಸಿಗಲಿಲ್ಲ. ಪ್ರಚಾರ ಶುರುವಾದ ಮೇಲೆ, ಮೇ ತಿಂಗಳಲ್ಲಿ, ಪಿಂಚಣಿದಾರರ ವಿನಾಯಿತಿ ಮಿತಿಯನ್ನು ಏರಿಸುವ ಭರವಸೆಯನ್ನು ಆಗಿನ ಪ್ರಧಾನಿ ರಿಷಿ ಸುನಕ್ ತರಾತುರಿಯಲ್ಲಿ ಕೊಟ್ಟದ್ದು ಇದರಿಂದಲೇ ಎಂದು ನನ್ನ ಎಣಿಕೆ.

ಚರಿತ್ರೆ ವಿದ್ಯಾರ್ಥಿ

ಹೊಸಮನೆಯವರ ವಾದವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಬಜೆಟ್ ಕೆಲವೊಮ್ಮೆ ಮಂಡಿಸಿದ ಪಕ್ಷವನ್ನೇ ಕಟ್ಟಿಹಾಕುತ್ತದೆ. 1955ರ ಏಪ್ರಿಲ್‌ನಲ್ಲಿ ಕನ್ಸರ್ವೇಟಿವ್ ಹಣಕಾಸು ಸಚಿವ ರ‍್ಯಾಬ್ ಬಟ್ಲರ್ ಆದಾಯ ತೆರಿಗೆಯನ್ನು ಪೌಂಡಿಗೆ ಆರು ಪೆನ್ಸ್ (ಆಗ ಒಂದು ಪೌಂಡಿಗೆ 240 ಪೆನ್ಸ್) ಇಳಿಸಿದರು. ಮೇ ತಿಂಗಳಲ್ಲಿ ಅವರ ಪಕ್ಷ ಹೆಚ್ಚಿನ ಬಹುಮತದಿಂದ ಗೆದ್ದಿತು. ಅಕ್ಟೋಬರ್‌ನಲ್ಲಿ ಅದೇ ಬಟ್ಲರ್ ಪಾತ್ರೆಪಗಡದವರೆಗೆ ಖರೀದಿ ತೆರಿಗೆಯನ್ನು ವಿಸ್ತರಿಸಿ ಎರಡನೆಯ ಬಜೆಟ್ ತಂದರು. ಸದನದಲ್ಲಿ ಅವರನ್ನು ಕಟುವಾಗಿ ಟೀಕಿಸಿದ ಹ್ಯೂ ಗೇಟ್ಸ್‌ಕೆಲ್ ಡಿಸೆಂಬರ್‌ನಲ್ಲಿ ಲೇಬರ್ ನಾಯಕರಾದರು, ಬಟ್ಲರ್ ಅದೇ ತಿಂಗಳು ಹಣಕಾಸು ಖಾತೆ ಬಿಡಬೇಕಾಯಿತು. 1992ರ ಗೆಲುವಿಗೂ ಬೆಲೆ ತೆರಬೇಕಾಯಿತು: ಮರುವರ್ಷವೇ ಲ್ಯಾಮಂಟ್ ಮನೆಬಳಕೆಯ ಇಂಧನದ ಮೇಲೆ ವ್ಯಾಟ್ ಘೋಷಿಸಿದಾಗ, ತೆರಿಗೆ ಇಳಿಸುವ ಪಕ್ಷವೆಂಬ ಹೆಸರು ಹೋಯಿತು.

1970ರಲ್ಲಿ ಲೇಬರ್ ಸರ್ಕಾರದ ಹಣಕಾಸು ಸಚಿವ ರಾಯ್ ಜೆಂಕಿನ್ಸ್ ಮಾತ್ರ ಚುನಾವಣೆ ಹತ್ತಿರವಿದ್ದರೂ ಬಿಗಿಮುಷ್ಟಿಯ ಬಜೆಟ್ ಮಂಡಿಸಿದರು. ಜೂನ್‌ನಲ್ಲಿ ಲೇಬರ್ ಸೋತಾಗ, ಕೈಬಿಚ್ಚಿ ಕೊಡದ ಅವರೇ ಕಾರಣವೆಂದು ಪಕ್ಷದೊಳಗೇ ದೂರಿದವರಿದ್ದರು. ಅವರು ಮಾಡಿದ್ದು ಸರಿಯೆಂದೇ ನನಗೆ ಅನ್ನಿಸುತ್ತದೆ. ಆದರೆ ಅವರ ನಂತರದ ಸಚಿವರು ಆ ಸೋಲಿನಿಂದ ಕಲಿತ ಪಾಠ ಬೇರೆಯೇ.

ತುಂಗಾತೀರ

ತುಂಬ ಉಪಕಾರವಾಯಿತು. ಆದರೆ 2010ರಿಂದ ಸ್ವತಂತ್ರ ಬಜೆಟ್ ಹೊಣೆಗಾರಿಕೆ ಕಚೇರಿ, ಅಂದರೆ ಓಬಿಆರ್, ಇದೆಯಲ್ಲ. ಅದು ಇಂಥ ಆಟವನ್ನು ತಡೆಯಬೇಕಿತ್ತಲ್ಲವೇ?

ಹೊಸಮನೆ ಓದುಗ

ಸರ್ಕಾರ ಕೊಟ್ಟ ವೆಚ್ಚದ ಯೋಜನೆಯನ್ನು ಹಾಗೆಯೇ ಇಟ್ಟುಕೊಂಡು ಮುನ್ನಂದಾಜು ಮಾಡುವುದು ಆ ಕಚೇರಿಯ ಕೆಲಸ. ಆ ಯೋಜನೆ ನಡೆಯುವಂಥದ್ದೇ ಎಂಬ ತೀರ್ಪು ಅದರ ಕೈಯಲ್ಲಿಲ್ಲ. 2024ರ ಮಾರ್ಚ್‌ನಲ್ಲಿ ಇಲಾಖೆಗಳ ವೆಚ್ಚದ ಮೇಲಿದ್ದ ಸುಮಾರು 950 ಕೋಟಿ ಪೌಂಡ್‌ಗಳ ಒತ್ತಡವನ್ನು ಹಣಕಾಸು ಇಲಾಖೆ ತನಗೆ ತಿಳಿಸಿರಲಿಲ್ಲ ಎಂದು ಓಬಿಆರ್ ಅಕ್ಟೋಬರ್‌ನ ಪರಿಶೀಲನೆಯಲ್ಲಿ ಹೇಳಿತು. ಲೇಬರ್ ಸರ್ಕಾರದ ಹಣಕಾಸು ಸಚಿವೆ ರೇಚಲ್ ರೀವ್ಸ್ ಜುಲೈನಲ್ಲಿ ಹೇಳಿದ್ದು 2,200 ಕೋಟಿಯ ಕೊರತೆ. ಎರಡೂ ಒಂದೇ ಲೆಕ್ಕವಲ್ಲವೆಂಬುದನ್ನು ತರಗತಿಯಲ್ಲಿ ಬಿಡಿಸಿ ಹೇಳಿ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಹಂಟ್ ಅವರ ಕಡಿತವನ್ನು ಲೇಬರ್ ಪ್ರಶ್ನಿಸಲಿಲ್ಲ. ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್, ವ್ಯಾಟ್ ಮೂರನ್ನೂ ಏರಿಸುವುದಿಲ್ಲವೆಂದು ಪ್ರಣಾಳಿಕೆಯಲ್ಲಿ ಬರೆದುಕೊಟ್ಟಿತು. ಹೀಗಾಗಿ ಅಕ್ಟೋಬರ್‌ನಲ್ಲಿ ರೀವ್ಸ್‌ಗೆ ತೆರೆದಿದ್ದ ದೊಡ್ಡ ದಾರಿಯೆಂದರೆ ಮಾಲೀಕರು ಕಟ್ಟುವ ವಂತಿಗೆ. ಅದನ್ನು ಶೇ 13.8ರಿಂದ 15ಕ್ಕೆ ಏರಿಸಿದರು, ಮಾತು ಮುರಿದರೆಂಬ ಆರೋಪವನ್ನೂ ಎದುರಿಸಿದರು. 1997ರಲ್ಲಿ ಬ್ರೌನ್‌ಗೆ ಸಿಕ್ಕಿದ್ದು ಬೆಳೆಯುತ್ತಿದ್ದ ಆರ್ಥಿಕತೆ, ಹಾಗಾಗಿ ಅವರು ಎರಡು ವರ್ಷ ಕೊಟ್ಟ ಮಾತಿನ ಮೇಲೆ ನಿಲ್ಲಬಲ್ಲವರಾದರು. ರೀವ್ಸ್‌ಗೆ ಆ ಅನುಕೂಲ ಇರಲಿಲ್ಲ.