ಡೆನ್ವರ್‌ನಲ್ಲಿ ಓಝೋನ್ ರೂಲ್ಸ್ ಟೈಟ್ ಮಾಡಿದಾರಂತೆ, ಯಾರಿಗಾದ್ರೂ ಇದರ ತಲೆಬುಡ ಗೊತ್ತಾ?

ಥಾರ್ನ್‌ಟನ್_ತಿಮ್ಮ:

ನಮಸ್ಕಾರ ಎಲ್ರಿಗೂ. ಒಹಾಯೋದಿಂದ ಡೆನ್ವರ್ ಕಡೆ ಬಂದು ನಮಗೆ ಒಂದು ವರ್ಷ ಆಯ್ತು, ಥಾರ್ನ್‌ಟನ್‌ನಲ್ಲಿ ಮನೆ. ಮೊನ್ನೆ ಬುಧವಾರ ಸಂಜೆ ನಾಲ್ಕಕ್ಕೆ ಮಗನ ಸಾಕರ್ ಪ್ರಾಕ್ಟೀಸ್ ಇತ್ತು, ಆಕಾಶ ಅಂದ್ರೆ ತೊಳೆದಿಟ್ಟಂಗೆ ನೀಲಿ, ದೂರದ ಲಾಂಗ್ಸ್ ಪೀಕ್ ಕೂಡ ನೀಟಾಗಿ ಕಾಣ್ತಾ ಇತ್ತು, ಅಷ್ಟರಲ್ಲಿ ಕೋಚ್ ಬಂದು ಇವತ್ತು ಓಝೋನ್ ಅಲರ್ಟ್ ಇದೆ ಓಡೋದು ಬೇಡ ಅಂತ ಅರ್ಧ ಗಂಟೆಗೇ ಮಕ್ಕಳನ್ನ ಮನೆಗೆ ಕಳಿಸಿಬಿಟ್ರು. ನಾನು ಒಳಗೊಳಗೇ ನಕ್ಕೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಹನ್ನೆರಡು ವರ್ಷ ಹೊಗೆ ಕುಡಿದೋನು ನಾನು, ನನಗೆ ಹೇಳ್ತಾರಲ್ಲಪ್ಪಾ ಅಂತ. ರಾತ್ರಿ ಹುಡುಗ ಜೋರಾಗಿ ಉಸಿರೆಳೆದ್ರೆ ಎದೆ ಉರಿಯುತ್ತೆ ಅಂದ, ಇನ್‌ಹೇಲರ್ ಎರಡು ಪಫ್ ಕೊಡಬೇಕಾಯ್ತು. ನಗು ಅಲ್ಲಿಗೇ ನಿಂತೋಯ್ತು.

ಆಫೀಸಲ್ಲಿ ಕೇಳಿದ್ರೆ ನಮ್ಮ ಏರಿಯಾ 'ಸಿವಿಯರ್' ಲಿಸ್ಟಲ್ಲಿದೆ, ಅದಕ್ಕೇ ಸ್ಟೇಟ್‌ನೋರು ರೂಲ್ಸ್ ಬಿಗಿ ಮಾಡ್ತಾ ಇದಾರೆ, ಬೇಸಿಗೇಲಿ ಪೆಟ್ರೋಲ್ ಬೇರೆ ಥರದ್ದು ಬರುತ್ತೆ, ಹುಲ್ಲು ಕೊಯ್ಯೋ ಮಷಿನ್‌ಗೂ ಕಂಡೀಷನ್ ಇದೆ ಅಂತೆಲ್ಲ ಹೇಳ್ತಾರೆ, ಯಾರಿಗೂ ಪೂರ್ತಿ ಗೊತ್ತಿಲ್ಲ. ಅಲ್ಲ, ಓಝೋನ್ ಅಂದ್ರೆ ನಮ್ಮನ್ನ ಕಾಪಾಡೋ ಪದರ ಅಂತ ತಾನೇ ಸ್ಕೂಲಲ್ಲಿ ಹೇಳಿಕೊಟ್ಟಿದ್ದು? ಕಣ್ಣಿಗೆ ಕಾಣ್ದೇ ಇರೋ ಪೊಲ್ಯೂಷನ್ ಇದೆಂಥದು?

ಪರ್ಮಿಟ್_ಪರಮೇಶಿ:

ಕೋಚ್ ಮಾಡಿದ್ದು ನೂರಕ್ಕೆ ನೂರು ಸರಿ. ನಾನು ಇಲ್ಲಿ ಏರ್ ಪರ್ಮಿಟ್ ಕೆಲಸದಲ್ಲೇ ಹದಿನೈದು ವರ್ಷದಿಂದ ಅನ್ನ ತಿಂತಾ ಇರೋನು, ಅದಕ್ಕೆ ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ಓಝೋನ್ ಮೇಲೆ ಆಕಾಶದಲ್ಲಿದ್ರೆ ಕೊಡೆ, ಮೂಗಿನ ಹತ್ರ ಬಂದ್ರೆ ಬ್ಲೀಚಿಂಗ್ ಪೌಡರ್ ಇದ್ದಂಗೆ, ಶ್ವಾಸಕೋಶದ ಒಳಪದರನೇ ಸುಡುತ್ತೆ. ಇದು ಯಾವ ಚಿಮಣಿಯಿಂದಾನೂ ನೇರವಾಗಿ ಬರಲ್ಲ. ಗಾಡಿ, ಟ್ರಕ್, ಬಾಯ್ಲರ್‌ನಿಂದ ಬರೋ ನೈಟ್ರೋಜನ್ ಆಕ್ಸೈಡ್, ನಾವು ನಾಕ್ಸ್ ಅಂತೀವಿ, ಅದೊಂದು. ಪೆಟ್ರೋಲ್ ಆವಿ, ಪೇಂಟು, ಎಣ್ಣೆ ಬಾವಿಗಳಿಂದ ಹಾರಿಹೋಗೋ ವಿಓಸಿ, ಅಂದ್ರೆ ಬೇಗ ಆವಿ ಆಗೋ ರಾಸಾಯನಿಕಗಳು, ಇನ್ನೊಂದು. ಇವೆರಡನ್ನೂ ಬಿಸಿಲಲ್ಲಿ ನಾಲ್ಕೈದು ಗಂಟೆ ಬೇಯಿಸಿದ್ರೆ ಓಝೋನ್ ರೆಡಿ. ಅದಕ್ಕೇ ಮಧ್ಯಾಹ್ನ ಎರಡರಿಂದ ಸಂಜೆ ಆರರ ತನಕ ಜಾಸ್ತಿ. ಮೋಡ ಇಲ್ಲ, ಗಾಳಿ ಇಲ್ಲ, ಲಾಂಗ್ಸ್ ಪೀಕ್ ಕಾಣ್ತಾ ಇದೆ ಅಂದ್ರಲ್ಲ, ಅದೇ ಅವತ್ತಿನ ಅಡುಗೆಗೆ ಬೇಕಾಗಿದ್ದ ಒಲೆ.

ಈಗ ಸಿವಿಯರ್ ಕಥೆ. ಕೇಂದ್ರದ ಪರಿಸರ ಸಂಸ್ಥೆ ಈಪಿಎ ಹಾಕಿದ ಮಿತಿ ಎಂಟು ಗಂಟೆ ಸರಾಸರಿಗೆ 2008ರಲ್ಲಿ 75 ಪಿಪಿಬಿ (ನೂರು ಕೋಟಿ ಭಾಗ ಗಾಳೀಲಿ 75 ಭಾಗ ಓಝೋನ್) ಇತ್ತು, 2015ರಲ್ಲಿ 70 ಮಾಡಿದ್ರು, ತಮಾಷೆ ಅಂದ್ರೆ ಎರಡೂ ಈಗ್ಲೂ ಜೊತೆಜೊತೆಗೇ ನಡೀತಾವೆ. ಲೆಕ್ಕ ಹೇಗೆ ಅಂದ್ರೆ ವರ್ಷದ ಅತಿ ಕೆಟ್ಟ ಮೂರು ದಿನಕ್ಕೆ ಮಾಫಿ, ನಾಲ್ಕನೇ ಕೆಟ್ಟ ದಿನದ ನಂಬರ್ ತಗೊಂಡು ಮೂರು ವರ್ಷದ ಸರಾಸರಿ ಹಾಕ್ತಾರೆ. ಅದು ಮಿತಿ ದಾಟಿದ್ರೆ ಆ ಪ್ರದೇಶ 'ನಾನ್‌ಅಟೈನ್‌ಮೆಂಟ್'. ಅದರಲ್ಲಿ ಐದು ಮೆಟ್ಟಿಲು, ಮಾರ್ಜಿನಲ್, ಮಾಡರೇಟ್, ಸೀರಿಯಸ್, ಸಿವಿಯರ್, ಎಕ್ಸ್‌ಟ್ರೀಮ್. ಕೊಟ್ಟ ಗಡುವಿನಲ್ಲಿ ಪಾಸ್ ಆಗ್ಲಿಲ್ವಾ, ಮುಂದಿನ ಮೆಟ್ಟಿಲಿಗೆ ದಬ್ತಾರೆ. 75ರ ಲೆಕ್ಕದಲ್ಲಿ ನಮ್ಮ ಡೆನ್ವರ್ ಮತ್ತು ಉತ್ತರದ ಫ್ರಂಟ್ ರೇಂಜ್ (ರಾಕಿ ಬೆಟ್ಟಗಳ ಪೂರ್ವದ ಬುಡದ ಪ್ರದೇಶ) 2012ರಲ್ಲಿ ಮಾರ್ಜಿನಲ್, 2016ರಲ್ಲಿ ಮಾಡರೇಟ್, 2019ರ ಕೊನೇಲಿ ಸೀರಿಯಸ್, 2022ರ ನವೆಂಬರ್‌ನಿಂದ ಸಿವಿಯರ್. ಒಂದ್ಸಲಾನೂ ಟೈಮಿಗೆ ಪಾಸಾಗಿಲ್ಲ ನೋಡಿ.

ಮೆಟ್ಟಿಲು ಏರಿದಂಗೆ ಏನೇನು ಬಿಗಿ ಆಗಬೇಕು ಅನ್ನೋದನ್ನ 1990ರ ಕ್ಲೀನ್ ಏರ್ ಆಕ್ಟ್ ತಿದ್ದುಪಡೀಲೇ ಬರೆದಿಟ್ಟಿದಾರೆ, ಸ್ಟೇಟ್ ಗವರ್ನಮೆಂಟ್‌ಗೆ ಬೇಡ ಅನ್ನೋ ಆಯ್ಕೆ ಇಲ್ಲ. ಮಾಡರೇಟ್‌ನಲ್ಲಿ ವರ್ಷಕ್ಕೆ 100 ಟನ್ ನಾಕ್ಸ್ ಅಥವಾ ವಿಓಸಿ ಬಿಡೋ ಫ್ಯಾಕ್ಟರಿ 'ಮೇಜರ್ ಸೋರ್ಸ್', ಅಂದ್ರೆ ಬಿಗಿ ಪರ್ಮಿಟ್ ಬೇಕಾದ ದೊಡ್ಡ ಮೂಲ, ಸೀರಿಯಸ್‌ನಲ್ಲಿ 50, ಸಿವಿಯರ್‌ನಲ್ಲಿ 25. ಇಪ್ಪತ್ತೈದು ಟನ್ ಕೇಳೋಕೆ ದೊಡ್ಡದು, ದಿನದ ಲೆಕ್ಕ ಹಾಕಿ, ಸುಮಾರು 62 ಕೆಜಿ ಅಷ್ಟೇ. ಒಂದು ಮಧ್ಯಮ ಗಾತ್ರದ ಪ್ರಿಂಟಿಂಗ್ ಪ್ರೆಸ್ಸೂ ಬಲೆಗೆ ಬೀಳಬಹುದು. ಹೊಸ ದೊಡ್ಡ ಘಟಕ ಬೇಕಂದ್ರೆ ನೀವು ಬಿಡೋ ಪ್ರತಿ 1 ಟನ್ನಿಗೆ ಇದೇ ಏರಿಯಾದಲ್ಲಿ 1.3 ಟನ್ ಬೇರೆ ಕಡೆ ಕಡಿಮೆ ಮಾಡಿಸಿ ತೋರಿಸಬೇಕು. ಬೇಸಿಗೆಗೆ ಬೇಗ ಆವಿ ಆಗದ ರೀಫಾರ್ಮುಲೇಟೆಡ್ ಪೆಟ್ರೋಲ್ ಕಡ್ಡಾಯ, ಅದು ನಮ್ಮ ಬಂಕ್‌ಗಳಿಗೆ 2024ರ ಬೇಸಿಗೇಲಿ ಬಂತು. 2027ರ ಜುಲೈ 20ಕ್ಕೂ ಪಾಸ್ ಆಗ್ಲಿಲ್ಲ ಅಂದ್ರೆ ದೊಡ್ಡ ಘಟಕಗಳು ತಮ್ಮ ಬೇಸ್‌ಲೈನಿನ (ಲೆಕ್ಕಕ್ಕೆ ಹಿಡಿದ ಮೂಲ ಪ್ರಮಾಣದ) 80% ದಾಟಿದ ಪ್ರತಿ ಟನ್ನಿಗೆ ಫೀ ಕಟ್ಟಬೇಕು, 1990ರ ಲೆಕ್ಕದಲ್ಲಿ 5,000 ಡಾಲರ್, ಹಣದುಬ್ಬರ ಸೇರಿಸಿದ್ರೆ ಈಗ ಅದರ ಎರಡು ಪಟ್ಟಿಗೂ ಮೇಲೆ.

ಹುಲ್ಲಿನ ಮಷಿನ್ ಬಗ್ಗೆ: 2024ರ ಫೆಬ್ರವರೀಲಿ ಕೊಲೊರಾಡೊ ಏರ್ ಕ್ವಾಲಿಟಿ ಕಂಟ್ರೋಲ್ ಕಮಿಷನ್ ರೂಲ್ ಮಾಡ್ತು, 2025ರಿಂದ ಜೂನ್, ಜುಲೈ, ಆಗಸ್ಟ್‌ನಲ್ಲಿ ಸರ್ಕಾರಿ ಜಾಗಗಳಲ್ಲಿ ಪೆಟ್ರೋಲ್‌ನ ಸಣ್ಣ ಮಷಿನ್‌ಗಳಿಗೆ ನಿರ್ಬಂಧ. ನಿಮ್ಮ ಮನೆ ಹಿತ್ತಲಿಗೆ ಅದು ಅನ್ವಯ ಆಗಲ್ಲ. ಬ್ಯಾಟರಿಯದ್ದು ತಗೊಳ್ಳೋರಿಗೆ 2024ರಿಂದ 30% ಡಿಸ್ಕೌಂಟ್ ಇಟ್ಟಿದಾರೆ, ನಾನೂ ಒಂದು ತಗೊಂಡೆ, ಸದ್ದಿಲ್ಲ, ಹೆಂಡತಿ ಖುಷಿ.

ಗ್ರೀಲಿ_ಗೌಡ:

ಪರಮೇಶಿಯಣ್ಣ ಪುಸ್ತಕದ್ದೆಲ್ಲ ಕರೆಕ್ಟಾಗಿ ಹೇಳಿದ್ರು, ನಾನು ನೆಲದ ಮೇಲಿನದ್ದು ಹೇಳ್ತೀನಿ. ನಾನಿರೋದು ವೆಲ್ಡ್ ಕೌಂಟಿ, ಎಣ್ಣೆ ಬಾವಿಗಳ ಕೆಲಸ, ಹಾಗಾಗಿ ನಾನು ಒಂದು ಕಡೆಯೋನು ಅಂತಾನೇ ಅಂದ್ಕೊಂಡು ಓದಿ. ಏನೇ ಆದ್ರೂ ಮೊದ್ಲು ಬೆರಳು ತೋರಿಸೋದು ನಮ್ಮ ಕಡೆಗೇ. ಇಲ್ಲಿನ ಓಝೋನ್‌ನಲ್ಲಿ ಒಂದು ದೊಡ್ಡ ಪಾಲು ಹೊರಗಿಂದ ಬರೋದು, ಪಶ್ಚಿಮದ ರಾಜ್ಯಗಳಿಂದ, ಪೆಸಿಫಿಕ್ ದಾಟಿ ಏಷ್ಯಾದಿಂದ, ಕಾಡ್ಗಿಚ್ಚಿನ ಹೊಗೆಯಿಂದ. ನಾವು ಬಾವಿ ಎಲ್ಲ ಮುಚ್ಚಿ ಊರಿಗೆ ಹೋಗಿ ರಾಗಿ ಬೆಳೆದ್ರೂ ಮೀಟರ್ ಸೊನ್ನೆಗೆ ಬರಲ್ಲ.

ಹಂಗಂತ ಸುಳ್ಳು ಹೇಳಲ್ಲ. ನನ್ನ ಕೆಲಸದಲ್ಲಿ ಒಂದು ಭಾಗ ಇನ್‌ಫ್ರಾರೆಡ್ ಕ್ಯಾಮೆರಾ ಹಿಡ್ಕೊಂಡು ಲೀಕ್ ಹುಡುಕೋದು. ಬರೀ ಕಣ್ಣಲ್ಲಿ ನೋಡಿದ್ರೆ ಟ್ಯಾಂಕು ಪಳಪಳ ಅಂತಿರುತ್ತೆ. ಕ್ಯಾಮೆರಾದಲ್ಲಿ ನೋಡಿದ್ರೆ ಮೇಲಿನ ಮುಚ್ಚಳದ ಸಂದಿಯಿಂದ ಕಪ್ಪಗೆ ಸುರುಳಿ ಸುರುಳಿ ಏಳ್ತಾ ಇರುತ್ತೆ, ಇಡ್ಲಿ ಪಾತ್ರೆ ಮುಚ್ಚಳ ಸರಿ ಕೂರದಿದ್ರೆ ಆವಿ ಬರುತ್ತಲ್ಲ ಥೇಟ್ ಹಾಗೆ. ಎಷ್ಟೋ ಸಲ ಗ್ಯಾಸ್ಕೆಟ್ ಮೇಲೆ ಒಂದು ಚಿಟಿಕೆ ಮರಳು ಕೂತಿರುತ್ತೆ, ಅಷ್ಟೇ ಕಾರಣ. ಬಟ್ಟೇಲಿ ಒರೆಸಿ ಮುಚ್ಚಿದ್ರೆ ಕಥೆ ಮುಗೀತು. 2014ರಲ್ಲಿ ಈ ರಾಜ್ಯ ದೇಶದಲ್ಲೇ ಮೊದಲು ಎಣ್ಣೆ ಬಾವಿಗಳ ಮೀಥೇನ್‌ಗೆ ರೂಲ್ ತಂದಾಗ ನಮ್ಮ ಕಡೆಯೋರೆಲ್ಲ ಬೈದಿದ್ದೇ ಬೈದಿದ್ದು, ಈಗ ಯಾರೂ ಮಾತಾಡಲ್ಲ, ಅದು ದಿನಚರಿ ಆಗೋಗಿದೆ.

ನನ್ನ ತಕರಾರು ಬೇರೆ. 70ರ ಲೆಕ್ಕದಲ್ಲಿ ನಾವು ಮಾಡರೇಟ್ ಇದ್ವಿ, 2024ರಲ್ಲಿ ಕೊಲೊರಾಡೊ ಗವರ್ನರ್ ಜೇರೆಡ್ ಪೋಲಿಸ್ ತಾವೇ ಕೇಳಿ ಸೀರಿಯಸ್ ಮಾಡಿಸಿಕೊಂಡ್ರು. ತಾನೇ ಹೋಗಿ ನನ್ನನ್ನ ಫೇಲ್ ಮಾಡಿ ಅಂತ ಕೇಳೋ ಸ್ಟೂಡೆಂಟ್‌ನ ಎಲ್ಲಾದ್ರೂ ನೋಡಿದೀರಾ? ಸಣ್ಣ ಆಪರೇಟರ್‌ಗೆ ಪರ್ಮಿಟ್ ಕಾಗದದ ಖರ್ಚೇ ಪ್ರಾಣ ತೆಗೆಯುತ್ತೆ.

ಪರ್ಮಿಟ್_ಪರಮೇಶಿ:

ಗೌಡ್ರೇ, ಆ ಸ್ಟೂಡೆಂಟ್ ಬುದ್ಧಿವಂತ. ಮಾಡರೇಟ್‌ನ ಗಡುವು 2024ರ ಆಗಸ್ಟ್ 3 ಇತ್ತು, ಪಾಸಾಗೋ ಛಾನ್ಸೇ ಇರಲಿಲ್ಲ, ತಾನೇ ಕೇಳಿ ಮೇಲಿನ ಮೆಟ್ಟಿಲಿಗೆ ಹೋದ್ರೆ ಗಡುವು 2027ಕ್ಕೆ ಹೋಗುತ್ತೆ. ರೂಲ್ಸ್ ಬಿಗಿ ಆಗುತ್ತೆ, ಬದಲಿಗೆ ಮೂರು ವರ್ಷ ಟೈಮ್ ಸಿಗುತ್ತೆ. ಪರಿಸರದೋರು ಇದನ್ನೇ ಬೈತಾರೆ, ಹಣೆಪಟ್ಟಿ ಕೆಟ್ಟದಾದಷ್ಟೂ ಉಸಿರಾಡೋನು ಕಾಯೋದು ಜಾಸ್ತಿ ಅಂತ. ನನಗೂ ಅದು ಪೂರ್ತಿ ತಪ್ಪು ಅನಿಸಲ್ಲ. ಆದ್ರೆ ಇದೇ ಪೋಲಿಸ್ 2019ರಲ್ಲಿ ಹಿಂದಿನ ಸರ್ಕಾರ ಕೇಳಿದ್ದ ಒಂದು ವರ್ಷದ ಎಕ್ಸ್‌ಟೆನ್ಷನ್ ವಾಪಸ್ ತಗೊಂಡಿದ್ರು, ಅದನ್ನೂ ನೆನಪಿಟ್ಕೊಳ್ಳಿ.

ಹೊರಗಿನ ಪಾಲು ದೊಡ್ಡದು ಅನ್ನೋದು ನಿಜ. ಅದಕ್ಕೇ ನಮ್ಮ ಕೈಲಿರೋ ಸಣ್ಣ ಪಾಲಿನ ಮೇಲೇ ಭಾರ ಎಲ್ಲ ಬೀಳೋದು. ಜೊತೆಗೆ ಭೂಗೋಳನೂ ನಮ್ಮ ಶತ್ರು. ಹಗಲು ಬೆಟ್ಟದ ಇಳಿಜಾರು ಬಿಸಿಯಾಗಿ ಗಾಳಿ ಪಶ್ಚಿಮಕ್ಕೆ ಏರುತ್ತೆ, ನಿಮ್ಮ ವೆಲ್ಡ್‌ನ ಆವಿ, ಡೆನ್ವರ್‌ನ ನಾಕ್ಸ್ ಎರಡನ್ನೂ ಬೆಟ್ಟದ ಬುಡಕ್ಕೆ ತಳ್ಳುತ್ತೆ. ಅದಕ್ಕೇ ರೀಡಿಂಗ್ ಜಾಸ್ತಿ ಬರೋದು ಡೌನ್‌ಟೌನಲ್ಲಲ್ಲ, ರಾಕಿ ಫ್ಲಾಟ್ಸ್, ಚ್ಯಾಟ್‌ಫೀಲ್ಡ್, ಗೋಲ್ಡನ್ ಹತ್ರದ ಮಾನಿಟರ್‌ಗಳಲ್ಲಿ. ಬೆಟ್ಟದ ಗಾಳಿ ಚೆನ್ನಾಗಿರುತ್ತೆ ಅಂತ ದುಡ್ಡು ಸುರಿದು ಅಲ್ಲಿ ಮನೆ ತಗೊಂಡೋರು ನನ್ನ ಫ್ರೆಂಡ್ಸಲ್ಲೇ ಮೂವರು ಇದಾರೆ, ನಾನು ಬಾಯಿ ಬಿಟ್ಟಿಲ್ಲ.

ಧಾರವಾಡದಾಂವ:

ಲಾಸ್ ಏಂಜಲೀಸ್‌ದಾಗ ಇಪ್ಪತ್ತೆರಡು ವರ್ಷ ಆತ್ರಿ ನಾ ಬಂದು. ನಿಮ್ದು ಸಿವಿಯರ್, ನಮ್ದು ಎಕ್ಸ್‌ಟ್ರೀಮ್, ಕೊನೇ ಮೆಟ್ಲಾ, ಮುಂದ ದಬ್ಬಾಕ ಜಾಗಾನ ಇಲ್ಲ. ಇಲ್ಲೆ 10 ಟನ್ನಿಗೇ ಮೇಜರ್ ಸೋರ್ಸ್, ಆಫ್‌ಸೆಟ್ ಅಂದ್ರ ಬ್ಯಾರೆ ಕಡೆ ಕಡಿಮಿ ಮಾಡಿ ತೋರಿಸೂದು 1 ಟನ್ನಿಗೆ 1.5. ಹೊಸಾ ಸಣ್ಣ ಪೆಟ್ರೋಲ್ ಇಂಜಿನ್ನಿನ ಹುಲ್ಲಿನ ಮಷಿನ್ ಮಾರೂದನ್ನ ಕ್ಯಾಲಿಫೋರ್ನಿಯಾ 2024ರ ಮಾಡೆಲ್‌ನಿಂದ ನಿಲ್ಲಿಸೇ ಬಿಟ್ಟೈತಿ.

ಒಂದು ಮಜಾ ಹೇಳ್ತೀನಿ. ಆಗಿನ ಕಾಲಕ್ಕ ಇಲ್ಲಿ ಕಾರಿನ ಟೈರು ಭಾಳ ಲಗೂನ ಬಿರಿತಿದ್ದೂವಂತ. 1950ರ ಸುಮಾರಿಗೆ ಕ್ಯಾಲ್‌ಟೆಕ್‌ನ ಹಾಗನ್-ಸ್ಮಿಟ್ ಅನ್ನೋ ಕೆಮಿಸ್ಟ್ ಈ ಹೊಗಿ ಕಾರಿನ ಹೊಗಿ ಮತ್ತ ಎಣ್ಣಿ ಆವಿ ಬಿಸಿಲಿಗೆ ಕೂಡಿ ಆಗೂದು ಅಂತ ತೋರಿಸಿದ. ಓಝೋನ್ ಅಳಿಯಾಕ ಆಗ ರಬ್ಬರ್ ಪಟ್ಟಿ ಬಗ್ಗಿಸಿ ಇಟ್ಟು ಅದು ಎಷ್ಟು ಹೊತ್ತಿಗೆ ಬಿರೀತೈತಿ ಅಂತ ನೋಡ್ತಿದ್ರು. ರಬ್ಬರೇ ಬಿರೀತಂದ್ರ ಕೂಸಿನ ಎದಿ ಏನ್ ಲೆಕ್ಕರೀ.

ಇನ್ನೊಂದು, ನಮ್ಮಲ್ಲೆ ರವಿವಾರ ಟ್ರಕ್ ಕಡಿಮಿ, ಆದ್ರ ಓಝೋನ್ ಜಾಸ್ತಿ ಆಗೂದೈತಿ. ತಾಜಾ ನಾಕ್ಸ್ ಓಝೋನನ್ನ ಸ್ವಲ್ಪ ತಿಂದುಬಿಡ್ತೈತಿ, ಅದು ಕಡಿಮಿ ಆದ ಕೂಡ್ಲೇ ಇದು ಏರ್ತೈತಿ. ಅದಕ್ಕ ಅರ್ಧಾ ಕಡಿಮಿ ಮಾಡಿ ಸುಮ್ಮನ ಕುಂತ್ರ ಉಲ್ಟಾನೂ ಹೊಡೀಬಹುದು, ಪೂರಾ ಇಳಿಸಬೇಕು. ಗಡುವು ನಾವೂ ತಪ್ಪಿಸೇವಿ. ಆದ್ರ ನಾ ಬಂದಾಗಿನ ಗಾಳಿಗೂ ಈಗಿಂದಕ್ಕೂ ಅಜಗಜಾಂತರ ಐತಿ, ಆ ರೂಲ್ಸ್ ಇರಲಿಲ್ಲಂದ್ರ ಇಷ್ಟೂ ಆಗ್ತಿರಲಿಲ್ಲ.

ಜಯನಗರ_4ನೇಬ್ಲಾಕ್:

ಬೆಂಗಳೂರಿಂದ. ಓದ್ತಾ ಕೂತು ಕಾಫಿ ಆರೋಯ್ತು. ನಿಮಗೊಂದು ವಿಷಯ ಗೊತ್ತಾ, ಕಾಗದದ ಮೇಲೆ ನಮ್ಮ ಮಿತಿ ನಿಮ್ಮದಕ್ಕಿಂತ ಬಿಗಿ. ಸಿಪಿಸಿಬಿಯ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) 2009ರ ಸ್ಟ್ಯಾಂಡರ್ಡಲ್ಲಿ ಓಝೋನ್‌ಗೆ ಎಂಟು ಗಂಟೆ ಸರಾಸರಿ ಘನ ಮೀಟರ್‌ಗೆ 100 ಮೈಕ್ರೋಗ್ರಾಮ್, ಅಂದ್ರೆ ಸುಮಾರು 50 ಪಿಪಿಬಿ! ಆದ್ರೆ ದಾಟಿದ್ರೆ ಏನು? ಮೆಟ್ಟಿಲೂ ಇಲ್ಲ, ಗಡುವೂ ಇಲ್ಲ, ಫೀಯೂ ಇಲ್ಲ. ನಮ್ಮ ರಾಜ್ಯದ ನಾನ್‌ಅಟೈನ್‌ಮೆಂಟ್ ಲಿಸ್ಟಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ನಾಲ್ಕಿವೆ, ಆದ್ರೆ 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಎನ್‌ಸಿಎಪಿಯ ಗುರಿ ಇರೋದು ಧೂಳಿನ ಮೇಲೆ. ಧೂಳು ಕಾಣುತ್ತೆ, ನೀರು ಸಿಂಪಡಿಸಿ ಫೋಟೋ ತೆಗಿಬಹುದು. ಓಝೋನ್‌ನ ಯಾವ ಕಾರ್ಪೊರೇಟರ್ ಫೋಟೋ ತೆಗೀತಾನೆ ಹೇಳಿ.

ಥಾರ್ನ್‌ಟನ್_ತಿಮ್ಮ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದ್ಕೊಂಡಿರಲಿಲ್ಲ. ಒಂದು ಕೊನೇ ಡೌಟು. ಮನೇಲಿ ಸ್ವಾಂಪ್ ಕೂಲರ್ (ನೀರು ಹಾಕೋ ಏರ್ ಕೂಲರ್) ಇದೆ, ಜೊತೆಗೆ ಒಂದು ಹೆಪಾ ಫಿಲ್ಟರ್ ತಂದಿದೀನಿ. ಸಾಕಾ?

ಪರ್ಮಿಟ್_ಪರಮೇಶಿ:

ಹೆಪಾ ಧೂಳು ಹೊಗೆಗೆ, ಓಝೋನ್ ಗ್ಯಾಸು, ಜರಡೀಲಿ ನೀರು ಹಿಡಿದಂಗೆ. ಐಯೊನೈಸರ್ ಇರೋ ಪ್ಯೂರಿಫೈಯರ್ ಅಂತೂ ಬೇಡವೇ ಬೇಡ, ಅದೇ ಓಝೋನ್ ಉಗುಳಬಹುದು. ಸ್ವಾಂಪ್ ಕೂಲರ್ ಹೊರಗಿನ ಗಾಳೀನೇ ಎಳ್ಕೊಂಡು ಒಳಗೆ ಬಿಡೋದು, ಹಾಗಾಗಿ ಅಲರ್ಟ್ ದಿನ ಮಧ್ಯಾಹ್ನ ಆಫ್ ಮಾಡಿ ಕಿಟಕಿ ಮುಚ್ಚಿ, ರಾತ್ರಿ ಮೇಲೆ ಹಾಕ್ಕೊಳ್ಳಿ. ಕಿಟಕಿ ಮುಚ್ಚಿದ ಮನೆಯೊಳಗೆ ಹೊರಗಿಗಿಂತ ತುಂಬಾ ಕಡಿಮೆ ಇರುತ್ತೆ. ಪೆಟ್ರೋಲ್ ಸೂರ್ಯ ಮುಳುಗಿದ ಮೇಲೆ ಹಾಕಿಸಿ, ಕ್ಲಿಕ್ ಅಂದ್ಮೇಲೆ ಇನ್ನೊಂಚೂರು ಅಂತ ಒತ್ತಬೇಡಿ. ಹುಡುಗನ ಆಟ ಬೆಳಗ್ಗೆ ಹೊತ್ತಿಗೆ ಇಟ್ಕೊಳ್ಳಿ. ಇನ್‌ಹೇಲರ್ ವಿಷಯ ಮಾತ್ರ ಡಾಕ್ಟರ್ ಹತ್ರಾನೇ ಕೇಳಿ.

ಥಾರ್ನ್‌ಟನ್_ತಿಮ್ಮ:

ಕೋಚ್‌ಗೆ ಮೇಲ್ ಹಾಕಿದೀನಿ, ಶನಿವಾರ ಬೆಳಗ್ಗೆ ಏಳೂವರೆಗೆ ಗ್ರೌಂಡ್ ಸಿಗುತ್ತಾ ಅಂತ.

ಗ್ರೀಲಿ_ಗೌಡ:

ಆ ಹೊತ್ತಿಗೆ ಸ್ಪ್ರಿಂಕ್ಲರ್ ಆನ್ ಇರುತ್ತೆ ತಿಮ್ಮಣ್ಣ, ಶೂ ಎರಡು ಜೊತೆ ತಗೊಂಡ್ಹೋಗಿ.