‘ಭೋಗ್ಯ’ದ ಮನೆಯಲ್ಲಿ ಇರುವವರನ್ನು ಏನೆಂದು ಬರೆಯಬೇಕು?

ಬೆಂಗಳೂರಿನ ಗೇಟುಗಳ ಮೇಲೆ ‘ಮನೆ ಬಾಡಿಗೆಗೆ ಇದೆ’ ಎಂಬ ಫಲಕದಷ್ಟೇ ‘ಮನೆ ಭೋಗ್ಯಕ್ಕೆ ಇದೆ’ ಎಂಬುದೂ ಕಾಣುತ್ತದೆ. ಮಾತಿನಲ್ಲಿ ಅದು ‘ಲೀಸ್’. ಕೆಲವು ಲಕ್ಷ ರೂಪಾಯಿ ಇಡಿಗಂಟಾಗಿ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸವಿದ್ದು, ಬಿಡುವಾಗ ಅಷ್ಟೂ ಹಣವನ್ನು ಬಡ್ಡಿಯಿಲ್ಲದೆ ಹಿಂದಕ್ಕೆ ಪಡೆಯುವ ಏರ್ಪಾಡು.

ಹೀಗೆ ವಾಸವಿರುವ ಪರಿಚಿತರೊಬ್ಬರ ಮನೆ ಮಾಲೀಕರು ಹಣ ಹಿಂದಿರುಗಿಸದೆ ಮನೆ ಖಾಲಿ ಮಾಡಿ ಎನ್ನುತ್ತಿದ್ದಾರೆ. ಅವರ ಕರಾರುಪತ್ರ ಓದಿದೆ. ತಲೆಬರಹದಲ್ಲಿ ‘ಭೋಗ್ಯ’, ಒಳಗೆ ‘ಬಾಡಿಗೆದಾರರು’, ಕೊನೆಯಲ್ಲಿ ‘ಗುತ್ತಿಗೆಯ ಅವಧಿ’. ಬರೆದವರಿಗೆ ಮೂರೂ ಒಂದೇ!

ನಾನು ಊರಿನಲ್ಲಿ ಕೇಳಿ ಬೆಳೆದ ಭೋಗ್ಯ ಬೇರೆ. ಸಾಲ ಕೊಟ್ಟವರು ಗದ್ದೆ ಉಳುತ್ತಿದ್ದರು, ಬಡ್ಡಿಗೆ ಬದಲು ಬೆಳೆ ಅವರ ಪಾಲು. ಅಸಲು ತೀರಿಸಿದ ದಿನ ‘ಭೋಗ್ಯ ಬಿಡಿಸಿಕೊಂಡೆವು’ ಎನ್ನುತ್ತಿದ್ದರು. ಅದು ಅಡಮಾನದ ಒಂದು ಬಗೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯೂ ಇದನ್ನು 58ನೆಯ ಕಲಮಿನಲ್ಲಿ ಅಡಮಾನಗಳ ಸಾಲಿಗೆ ಸೇರಿಸಿದೆ. ಗುತ್ತಿಗೆ (ಕಾಯ್ದೆಯ ಮಾತಿನಲ್ಲಿ ‘ಲೀಸ್’) ಇರುವುದು 105ರಲ್ಲಿ. ಇಂಥ ಅಡಮಾನವಾದರೆ ಹಣ ತೀರುವವರೆಗೆ ಸ್ವತ್ತನ್ನು ಇಟ್ಟುಕೊಳ್ಳುವ ಹಕ್ಕು ಸಾಲ ಕೊಟ್ಟವರಿಗುಂಟು. ತಿಂಗಳ ಬಾಡಿಗೆಯಾದರೆ, ಬೇರೆ ಕರಾರಿಲ್ಲದಿದ್ದಲ್ಲಿ, 106ನೆಯ ಕಲಮಿನಂತೆ ಹದಿನೈದು ದಿನಗಳ ನೋಟಿಸಿನಿಂದ ಬಾಡಿಗೆ ಸಂಬಂಧ ಮುಗಿಯಬಹುದು.

ಹಾಗೆಂದು ‘ಭೋಗ್ಯ’ ಎಂದು ಬರೆದ ಮಾತ್ರಕ್ಕೆ ಅಡಮಾನವಾಗುವುದಿಲ್ಲ. ಸಾಲದ ಅಸಲು ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಇಂಥ ಪತ್ರ ನೋಂದಣಿಯಾಗಿರಬೇಕು, ಇಬ್ಬರು ಸಾಕ್ಷಿಗಳಿರಬೇಕು. ನಮ್ಮವರದು ಬರೀ ಛಾಪಾ ಕಾಗದ.

ಈಗ ನನ್ನ ತೊಡಕು. ಮಾಲೀಕರು ಕಳಿಸಿದ ನೋಟಿಸಿಗೆ ಬರೆಯುತ್ತಿರುವ ಉತ್ತರದ ಕರಡಿನಲ್ಲಿ ನಮ್ಮ ಪರಿಚಿತರನ್ನು ‘ಭೋಗ್ಯದಾರರು’ ಎಂದರೆ ಸಾಲ ಕೊಟ್ಟವರಾಗುತ್ತಾರೆ, ‘ಬಾಡಿಗೆದಾರರು’ ಎನ್ನಲು ಬಾಡಿಗೆಯೇ ಇಲ್ಲ, ‘ಗೇಣಿದಾರ’ ಎಂದರೆ ಹೊಲದ ವಾಸನೆ. ಸದ್ಯಕ್ಕೆ ‘ವಾಸವಿರುವವರು’ ಎಂದು ಬರೆದಿದ್ದೇನೆ, ವಕೀಲರು ನಗುತ್ತಾರೆ.

ಇನ್ನೊಂದು. ಮಾಲೀಕರ ನೋಟಿಸಿನಲ್ಲಿ ‘ಒಕ್ಕಲೆಬ್ಬಿಸಲಾಗುವುದು’ ಎಂದಿದೆ. ಕರಾವಳಿಯಲ್ಲಿ ಹೊಸ ಮನೆ ಹೊಗುವುದಕ್ಕೆ ‘ಮನೆ ಒಕ್ಕಲು’ ಎನ್ನುತ್ತಾರೆ. ಹೊಗುವಾಗ ಊಟ ಹಾಕಿಸಿದ ಪದವೇ ಹೊರಡಿಸುವಾಗಲೂ ಬಂದು ನಿಲ್ಲುತ್ತದೆ.

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ತಿಳಿಸಬೇಕು: ನಿಮ್ಮಲ್ಲಿ ಮನೆಗೂ ‘ಭೋಗ್ಯ’ ಎನ್ನುತ್ತಾರೆಯೇ, ಇಲ್ಲವೇ ಜಮೀನಿಗೆ ಮಾತ್ರವೇ? ಇಂಥ ಮನೆಯಲ್ಲಿ ಇರುವವರಿಗೆ ಬಳಕೆಯಲ್ಲಿರುವ ಹೆಸರೇನು?